ಹೂಮಳೆಯ ಹೊತ್ತಿಗೆ ಮನೆಯಲ್ಲಿದ್ದವರು

ಹೋದ ವಾರ ಬೆಳಗೋಡಿನ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಚಪ್ಪಲಿಯ ಅಟ್ಟೆ ಬಿಟ್ಟುಕೊಂಡಿತು. ಪಕ್ಕದಲ್ಲೇ ಚಪ್ಪಲಿ ರಿಪೇರಿಯವನು ಕೂತಿದ್ದ. ಹೊಲಿಯುವಷ್ಟು ಹೊತ್ತಿಲ್ಲಪ್ಪ, ಬಸ್ಸು ಬಂದುಬಿಡುತ್ತೆ ಎಂದೆ. "ಹಂಗಾದ್ರೆ ಗಮ್ ಹಾಕ್ಬುಡ್ತೀನಿ ಟೀಚರ್" ಎಂದು ಕಿರುಬೆರಳಿನಷ್ಟು ಉದ್ದದ ಟ್ಯೂಬು ತೆಗೆದು, ಅದರ ಮೂತಿಗೆ ಸೂಜಿ ಚುಚ್ಚಿ, ಎರಡು ತೊಟ್ಟು ಬಿಟ್ಟು ಅದುಮಿ ಹಿಡಿದ. ಮೂಗಿನೊಳಗೆ ಸಣ್ಣಗೆ ಕುಟುಕುವಂಥ ವಾಸನೆ. ನಾನು ಕಲ್ಲುಬೆಂಚಿನ ಮೇಲೆ ಕೂತುಬಿಟ್ಟೆ. ಬಸ್ಸು ಬಂತು, ನಿಂತಿತು, ಹೋಯಿತು. "ಟೀಚರ್, ನಿಮ್ ಬಸ್ಸು!" ಎಂದು ಅವನು ಕೂಗಿದ್ದು ಕೇಳಿಸಿದರೂ ಏಳಲು ಆಗಲಿಲ್ಲ.

ಅಂಥದೇ ಒಂದು ಅಂಟು ಒಂದು ಕಾಲದಲ್ಲಿ ನನ್ನ ಗಂಡನ ಜೀವ ಹಿಡಿದು ನಿಲ್ಲಿಸಿತ್ತು. ಹೇಳಿದರೆ ಈಗಲೂ ಕೆಲವರು ನಗುತ್ತಾರೆ. ಹೊಟ್ಟೆಯೊಳಗೆ ಯಾರಾದರೂ ಗಮ್ ಹಾಕುತ್ತಾರಾ ಅನ್ನುತ್ತಾರೆ. ಹಾಕುತ್ತಾರೆ. ಆ ವರ್ಷ ಕಾಫಿ ಕೊಯ್ಲಿನಿಂದ ಮುಂಗಾರು ಹಿಡಿಯುವವರೆಗೆ ಇದ್ದದ್ದು ಕೆಲವೇ ತಿಂಗಳು. ನಾನು ಜನ್ಮದಲ್ಲಿ ಅತಿ ಹೆಚ್ಚು ಹೆದರಿದ್ದು ಆ ತಿಂಗಳುಗಳಲ್ಲೇ. ಅತಿ ಹೆಚ್ಚು ಸುಖವಾಗಿ ಇದ್ದದ್ದೂ ಅವುಗಳಲ್ಲೇ.

ಆಗ ನಾವು ಹೆತ್ತೂರಿನಿಂದ ಆಚೆ ಒಂದು ಎಸ್ಟೇಟಿನಲ್ಲಿದ್ದೆವು. ಊರಿಗೆ ಮೊಬೈಲು ಹೊಸದಾಗಿ ಬಂದು, ಗುಡ್ಡದ ನೆತ್ತಿಗೆ ಹೋದರೆ ಮಾತ್ರ ಸಿಗ್ನಲ್ ಸಿಗುತ್ತಿದ್ದ ಕಾಲ. ನನ್ನ ಗಂಡ ಲೋಕೇಶ ಅಲ್ಲಿ ರೈಟರ್. ರೈಟರ್ ಅಂದರೆ ಕೂತು ಬರೆಯುವವರಲ್ಲ. ಬೆಳಿಗ್ಗೆ ಆಳುಗಳ ಹಾಜರಿ ಹಿಡಿದು, ಯಾರು ಎಲ್ಲಿ ಕೊಯ್ಯಬೇಕೆಂದು ಹಂಚಿ, ಸಂಜೆ ಹಣ್ಣು ಅಳೆಸಿ, ಕಣದಲ್ಲಿ ಒಣಗುವ ಕಾಫಿಗೆ ಕಾವಲಿರುವವರೆಗೆ ಎಲ್ಲವೂ ಅವರದೇ. ಎಲ್ಲರ ಬಾಯಲ್ಲೂ ಅವರು ಲೋಕಣ್ಣ. ನಾನು ಕೂಲಿಕಾರರ ಸಾಲುಮನೆಗಳ, ಅಂದರೆ ಲೈನಿನ, ಪಕ್ಕದ ಅಂಗನವಾಡಿಯಲ್ಲಿ ಟೀಚರ್. ಎಸ್ಟೇಟಿನವರು ಕೊಟ್ಟ ಎರಡು ಕೋಣೆಯ ಮನೆ. ಒಬ್ಬಳೇ ಮಗಳು ಚೈತ್ರ, ಆಲೂರಿನಲ್ಲಿ ನನ್ನ ಅತ್ತೆಯ ಜೊತೆ ಇದ್ದುಕೊಂಡು ಶಾಲೆಗೆ ಹೋಗುತ್ತಿದ್ದಳು.

ಮದುವೆಯಾಗಿ ಹತ್ತು ವರ್ಷ ದಾಟಿದ್ದರೂ ಇವರ ಜೊತೆ ನಾನು ಕೂತು ಮಾತಾಡಿದ್ದು ಕಡಿಮೆ. ಇವರು ಒಳ್ಳೆಯವರೇ. ಕೈ ಎತ್ತಿದವರಲ್ಲ, ಬಾಯಿ ಮಾಡಿದವರಲ್ಲ. ಆದರೆ ಬೆಳಕು ಹರಿಯುವ ಮೊದಲು ಹೋದರೆ ಮಧ್ಯಾಹ್ನದ ಊಟವೂ ಕಾಫಿ ಮೂಟೆ ಇಡುವ ಸ್ಟೋರಿನಲ್ಲೇ. ಬಂದ ಮೇಲೆ ಆಡುತ್ತಿದ್ದ ಮಾತೂ ತೋಟದ್ದೇ. ಊಟಕ್ಕೆ ಕೂತರೆ ಒಂದೂವರೆ ಅಕ್ಕಿರೊಟ್ಟಿಗೆ "ಸಾಕು, ತುಂಬ್ತು" ಎಂದು ಎದ್ದುಬಿಡುತ್ತಿದ್ದರು. ನನ್ನ ಕೈಯಡುಗೆ ಇವರಿಗೆ ಹಿಡಿಸಲಿಲ್ಲ ಎಂದೇ ಅಷ್ಟೂ ವರ್ಷ ತಿಳಿದುಕೊಂಡಿದ್ದೆ.

ಜನವರಿಯ ಒಂದು ಬೆಳಿಗ್ಗೆ. ರೋಬಸ್ಟಾ ಕೊಯ್ಲು ಜೋರಾಗಿತ್ತು. ನಾನು ಮಕ್ಕಳಿಗೆ ಉಪ್ಪಿಟ್ಟು ಬಡಿಸುತ್ತಿದ್ದೆ. ಲೈನಿನ ಮುನಿಯಮ್ಮ, ಯಾವಾಗಲೂ ತಡವಾಗಿ ಬಂದು ಇವರಿಂದ ಬೈಸಿಕೊಳ್ಳುತ್ತಿದ್ದವಳು, ಸೆರಗು ಎಳೆದುಕೊಂಡು ಓಡಿಬಂದಳು.

"ಟೀಚರಮ್ಮ, ಬಿರ್ನೆ ಬನ್ನಿ. ಲೋಕಣ್ಣ ರಕ್ತ ಕಾರ್ಕಂಡ್ಬುಟ್ರು."

ಕಣದ ತುಂಬ ಕೆಂಪು ಹಣ್ಣು ಹರಡಿತ್ತು. ಅದರ ಮೇಲೆ ಬಿದ್ದ ರಕ್ತ ಮೊದಲಿಗೆ ನನಗೆ ಕಾಣಿಸಲೇ ಇಲ್ಲ. ಇವರು ಕಣದ ಅಂಚಿನ ಕಟ್ಟೆಗೆ ಒರಗಿ ಕೂತಿದ್ದರು. ಮುಖ ಸುಣ್ಣ ಬಳಿದಂತೆ ಬಿಳಿಚಿಕೊಂಡಿತ್ತು, ಅಂಗಿಯ ಮುಂಭಾಗ ಒದ್ದೆ. ನನ್ನನ್ನು ನೋಡಿ ಅವರು ಆಡಿದ ಮೊದಲ ಮಾತು, "ಹಣ್ಣು ಹಾಳಾಯ್ತು ಕಣೇ. ಅಷ್ಟನ್ನ ತೆಗ್ದು ಬೇರೆ ಹಾಕಕ್ಕೆ ಹೇಳು" ಎಂದು. ಅಷ್ಟು ಹೇಳಿ ಇನ್ನೊಂದು ಸಲ ವಾಂತಿ ಮಾಡಿಕೊಂಡರು. ಒಂದು ಚೊಂಬಿನಷ್ಟು ರಕ್ತ. ಮನುಷ್ಯನ ಹೊಟ್ಟೆಯಲ್ಲಿ ಅಷ್ಟೊಂದು ರಕ್ತ ಇರುತ್ತೆ ಎಂದು ನನಗೆ ಗೊತ್ತಿರಲಿಲ್ಲ.

ಎಸ್ಟೇಟಿನ ಜೀಪಿನ ಡ್ರೈವರ್ ಶಿವಣ್ಣ ಸೀಟಿನ ಮೇಲೆ ಇವರನ್ನು ಮಲಗಿಸಿದ. ನಾನು ತಲೆ ತೊಡೆಯ ಮೇಲಿಟ್ಟುಕೊಂಡು ಕೂತೆ. ಸಕಲೇಶಪುರದಲ್ಲಿ ಬಾಟಲಿ ಏರಿಸಿ, ಇಲ್ಲಿ ಆಗುವುದಲ್ಲ, ತಡ ಮಾಡದೆ ಮಂಗಳೂರಿಗೆ ಹೋಗಿ ಎಂದು ಆಂಬುಲೆನ್ಸ್ ಹತ್ತಿಸಿದರು. ದೋಣಿಗಲ್ ದಾಟಿ ಘಾಟಿ ಇಳಿಯುವಾಗ ಇವರು ಕಣ್ಣು ಬಿಟ್ಟು, "ಎರಡು ದಿನದಿಂದ ಕಪ್ಪುಗ್ ಹೋಗ್ತಿತ್ತು ಕಣೇ, ಡಾಂಬರ್ ಹಂಗೆ. ಕೊಯ್ಲು ಮುಗೀಲಿ ಅಂತ ಸುಮ್ನಿದ್ದೆ" ಎಂದರು. ನನಗೆ ಸಿಟ್ಟು ಬಂತು. ಆ ಸ್ಥಿತಿಯಲ್ಲಿರುವವರ ಮೇಲೆ ಸಿಟ್ಟು ಮಾಡಿಕೊಳ್ಳಲು ಆಗದೆ ಅಳು ಬಂತು.

ಮಂಗಳೂರಿನ ಆಸ್ಪತ್ರೆಯಲ್ಲಿ ನಮಗೆ ಸಿಕ್ಕ ಡಾಕ್ಟರು ದಪ್ಪ ಕನ್ನಡಕದ, ಇನ್ನೂ ನಲವತ್ತು ಮುಟ್ಟದ ಮನುಷ್ಯ. ಮೊದಲು ಕೇಳಿದ್ದು ಎಲ್ಲರೂ ಕೇಳುವುದನ್ನೇ.

"ಇವರು ಕುಡೀತಾರಾ?"

"ಇಲ್ಲ ಸಾರ್."

"ನಾನು ಬೈಲಿಕ್ಕೆ ಕೇಳುವುದಲ್ಲ ಅಕ್ಕ. ಮದ್ದಿಗೆ ಬೇಕು, ಅದಕ್ಕೆ."

"ಸತ್ಯವಾಗ್ಲೂ ಇಲ್ಲ ಸಾರ್. ಮದ್ವೆ ಮನೇಲೂ ಮುಟ್ಟಲ್ಲ."

ಅವರು ನಂಬಿದರೋ ಬಿಟ್ಟರೋ, ತಲೆಯಾಡಿಸಿ ಒಳಗೆ ಹೋದರು. ಬಾಯಿಂದ ಕ್ಯಾಮೆರಾ ಇರುವ ಕೊಳವೆ ಬಿಟ್ಟು ನೋಡಿದರು. ಹೊರಗೆ ಬಂದವರು ನನ್ನನ್ನು ಕೂರಿಸಿ ಹೇಳಿದ ರೀತಿ ಇವತ್ತಿಗೂ ನನ್ನ ಕಿವಿಯಲ್ಲಿದೆ.

"ನೀವು ಹೇಳಿದ್ದು ಸತ್ಯ. ಲಿವರ್ ಚೆನ್ನಾಗಿ ಉಂಟು. ಆದರೆ ಲಿವರಿಗೆ ರಕ್ತ ತೆಗೆದುಕೊಂಡು ಹೋಗುವ ದೊಡ್ಡ ನಾಳ ಮುಚ್ಚಿಹೋಗಿದೆ, ಇವತ್ತು ನಿನ್ನೆಯಲ್ಲ, ಎಷ್ಟೋ ವರ್ಷದ ಹಿಂದೆ. ಶಿರಾಡಿ ಘಾಟಿ ಬಂದ್ ಆದರೆ ಗಾಡಿಗಳೆಲ್ಲ ಎಲ್ಲಿ ಹೋಗ್ತವೆ? ಸಿಕ್ಕಿದ ಸಣ್ಣ ರಸ್ತೆಗೆ ನುಗ್ತವೆ. ಹಾಗೆಯೇ ಇಲ್ಲಿಯೂ. ಹೊಟ್ಟೆಯ ಗೋಡೆಯಲ್ಲಿ ನೂಲಿನ ಹಾಗಿರಬೇಕಾದ ನರಗಳು ಹೆಬ್ಬೆರಳಿನಷ್ಟು ಉಬ್ಬಿವೆ. ಒಂದು ಒಡೆದಿದೆ."

ಎಡ ಪಕ್ಕೆಯೊಳಗಿನ ಗುಲ್ಮ ಊದಿಕೊಂಡು ಹೊಟ್ಟೆಯನ್ನು ಒತ್ತುತ್ತಿದೆ ಎಂದೂ ಹೇಳಿದರು. "ಸ್ವಲ್ಪ ತಿಂದ ಕೂಡಲೇ ತುಂಬಿತು ಅಂತಾರಾ?" ಎಂದು ಕೇಳಿದಾಗ ನಾನು ಹೌದೆನ್ನಲು ಬಾಯಿ ತೆರೆದು, ಒಂದೂವರೆ ರೊಟ್ಟಿ ನೆನಪಾಗಿ, ಅಲ್ಲೇ ಬಿಕ್ಕಿದೆ. ಡಾಕ್ಟರಿಗೆ ಕಾರಣ ಗೊತ್ತಾಗಲಿಲ್ಲ.

ಅನ್ನನಾಳದಲ್ಲಿ ಹೀಗೆ ನರ ಒಡೆದರೆ ರಬ್ಬರ್ ಬಳೆ ಹಾಕಿ ಬಿಗಿಯುತ್ತಾರಂತೆ. ಹೊಟ್ಟೆಯೊಳಗಿನ ನರ ಅದಕ್ಕೆಲ್ಲ ಬಗ್ಗುವುದಿಲ್ಲ, ಬಹಳ ದಪ್ಪ. ಅದಕ್ಕೆ ಅಂಟನ್ನೇ ಚುಚ್ಚಬೇಕು. ರಕ್ತ ತಾಗಿದ ಕ್ಷಣ ಕಲ್ಲಾಗುವ ಅಂಟು. "ಚಪ್ಪಲಿ ಅಂಟಿಸ್ತಾರಲ್ಲ, ಅದರ ಕುಟುಂಬದ್ದೇ" ಎಂದು ಡಾಕ್ಟರು ನನ್ನನ್ನು ನಗಿಸಲು ನೋಡಿದರು. ಅಂದೇ ಸಂಜೆ ಚುಚ್ಚಿದರು. ರಕ್ತ ನಿಂತಿತು. ಎಚ್ಚರವಾದ ಮೇಲೆ ಇವರು "ಮೂಗಲ್ಲೆಲ್ಲ ಅದೇನೋ ಗಮ್ ವಾಸ್ನೆ" ಎಂದರು. ನಾನು ಬಗ್ಗಿ ಮೂಸಿದೆ. ಹೌದು, ಇತ್ತು. ಅಥವಾ ಇತ್ತೆಂದು ನನಗನ್ನಿಸಿತು.

ಮಾರನೆಯ ದಿನ ಶಿವಣ್ಣ ಜೀಪಿನ ತುಂಬ ಜನ ತುಂಬಿಕೊಂಡು ಬಂದ. ರಕ್ತ ಕೊಡಲಿಕ್ಕೆ. ಕೊಯ್ಲು ಬಿಟ್ಟು ಬಂದಿದ್ದರು. ಮುನಿಯಮ್ಮನೂ ಬಂದಿದ್ದಳು. ಅವಳ ಬೆರಳು ಚುಚ್ಚಿ ನೋಡಿದ ನರ್ಸು, "ನಿಮಗೇ ರಕ್ತ ಇಲ್ಲ, ನೀವೆಂತ ಕೊಡುವುದು?" ಎಂದು ಕಬ್ಬಿಣದ ಮಾತ್ರೆ ಕೊಟ್ಟು ಕಳಿಸಿದರಂತೆ. ಅವಳು ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಳು. "ಇಷ್ಟ್ ದೂರ ಬಂದು ಬರೀ ಕೈಲಿ ಹೋಗದಾ ಟೀಚರಮ್ಮ? ಒಂದ್ ಲೋಟಾನಾದ್ರೂ ತಗಳಿ ಅಂತ ಹೇಳಿ" ಎಂದು ನನ್ನ ಕೈ ಹಿಡಿದುಕೊಂಡಳು.

ಅದೇ ಜೀಪಿನಲ್ಲಿ ಅತ್ತೆಯೂ ಬಂದಿದ್ದರು, ಚೈತ್ರಳನ್ನು ಪಕ್ಕದ ಮನೆಯಲ್ಲಿ ಬಿಟ್ಟು. ಆಲೂರಿನ ಅಂಗಡಿ ಮುಂದೆ ಆಗಲೇ ಮಾತು ಎದ್ದಿತ್ತಂತೆ: ಲೋಕಣ್ಣ ಕದ್ದುಮುಚ್ಚಿ ಕುಡೀತಿದ್ದ, ಈಗ ರಕ್ತ ಕಾರ್ತಾವ್ನೆ ಎಂದು. ಅತ್ತೆ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಬಂದು, ಡಾಕ್ಟರು ಕಂಡ ಕೂಡಲೇ, "ನನ್ ಮಗ ಕುಡ್ಯೋನಲ್ಲ ಕಣಪ್ಪ" ಎಂದು ಶುರುಮಾಡಿದರು.

"ಗೊತ್ತುಂಟು ಅಮ್ಮ" ಎಂದು ಡಾಕ್ಟರು ಅವರನ್ನು ಕೂರಿಸಿದರು. "ನನಗೆ ಬೇರೆ ಒಂದು ವಿಷಯ ಬೇಕು. ಇವರು ಹುಟ್ಟಿದಾಗ ಹೊಕ್ಕುಳಿಗೆ ಏನಾದರೂ ಆಗಿತ್ತಾ?"

ಅತ್ತೆ ನೆಲ ನೋಡುತ್ತಲೇ ಹೇಳಿದರು.

"ಆಗಿತ್ತು. ಸೂಲಗಿತ್ತಿ ಒಲೆ ಬೂದಿ ಒತ್ತಿದ್ಲು, ಬಿರ್ನೆ ಒಣಗ್ಲಿ ಅಂತ. ಕೀವಾಗ್ಬುಡ್ತು. ಹೊಟ್ಟೆ ಊದ್ಕಂಡು ಜ್ವರ ಬಂದು, ಈ ಕೂಸು ಉಳಿಯಾಕಿಲ್ಲ ಅಂದ್ಬುಟ್ಟಿದ್ರು ಎಲ್ರೂವೆ. ನಾನೇ ಹಾಲು ಹಿಂಡಿ ಹಿಂಡಿ ಬಾಯಿಗ್ ಬುಟ್ಟು ಉಳಿಸ್ಕಂಡೆ." ಆಮೇಲೆ ತಲೆ ಎತ್ತಿ, "ಆ ಬೂದಿಯಿಂದ ಆಗಿದ್ದಾ ಇದು?" ಎಂದರು.

"ಅದರಿಂದಲೇ ಅಂತ ಖಡಾಖಂಡಿತ ಹೇಳ್ಲಿಕ್ಕೆ ಆಗುವುದಿಲ್ಲ. ಆದರೆ ಹೊಕ್ಕುಳಿನ ನಂಜು ಒಳಗೆ ಏರಿ ಆ ನಾಳ ಮುಚ್ಚುವುದುಂಟು. ಆಗ ಯಾರಿಗೂ ಗೊತ್ತಿರಲಿಲ್ಲ ಅಮ್ಮ. ನೀವು ಉಳಿಸಿಕೊಂಡಿರಿ, ಅದನ್ನು ನೆನಪಿಟ್ಟುಕೊಳ್ಳಿ."

ಅತ್ತೆ ಆವತ್ತು ಊಟ ಮಾಡಲಿಲ್ಲ. ಮಗನ ಹಾಸಿಗೆಯ ಪಕ್ಕ ಕೂತು, ಹೊದಿಕೆಯ ಮೇಲಿಂದಲೇ ಅವರ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಿದ್ದರು. "ತೆಗಿಯವ್ವ, ಕಚಗುಳಿ ಆಗ್ತದೆ" ಎಂದರೂ ತೆಗೆಯಲಿಲ್ಲ. ಆದರೆ ಆಲೂರಿಗೆ ಹಿಂದಿರುಗಿದ ಮೇಲೆ ಅವರು ಸುಮ್ಮನೆ ಕೂರಲಿಲ್ಲ. ಆ ಅಂಗಡಿಯ ಮುಂದೆಯೇ ನಿಂತು, "ನನ್ ಮಗುಂದು ಹೊಕ್ಳಿನ ಕಾಯ್ಲೆ ಕಣ್ರಪ್ಪ, ಹೆಂಡದ್ದಲ್ಲ. ಯಾರಿಗಾದ್ರೂ ಅನುಮಾನ ಇದ್ರೆ ಮಂಗ್ಳೂರಿಗ್ ಹೋಗಿ ಕೇಳ್ಕಂಡ್ ಬನ್ನಿ" ಎಂದು ಸಾರಿದರಂತೆ. ಅಲ್ಲಿಂದಾಚೆಗೆ ಯಾವ ಮನೆಯಲ್ಲಿ ಮಗು ಹುಟ್ಟಿದರೂ ಹೋಗಿ, ಹೊಕ್ಕುಳಿಗೆ ಏನೂ ಮೆತ್ತಬೇಡಿ ಎಂದು ಹೇಳಿ ಬರುವುದು ಅವರ ಕೆಲಸವಾಯಿತು.

ಇತ್ತ ಆಸ್ಪತ್ರೆಯಲ್ಲಿ ಇವರನ್ನು ಮನೆಗೆ ಕಳಿಸುವ ಮಾತು ನಡೆದಿತ್ತು. ನಾನು ಚೀಲಕ್ಕೆ ಬಟ್ಟೆ ತುಂಬುತ್ತಿದ್ದೆ. ಇವರು ಕಿಟಕಿಯ ಹತ್ತಿರ ನಿಂತು, ಕಣದಲ್ಲಿ ಹಣ್ಣು ಮಗುಚಿದ್ದಾರೋ ಇಲ್ಲವೋ ಎಂದು ಗೊಣಗುತ್ತಿದ್ದವರು ಸರಕ್ಕನೆ ಗೋಡೆ ಹಿಡಿದುಕೊಂಡರು. ಮತ್ತೆ ರಕ್ತ. ಈ ಸಲ ಕಾರಿದ ಮೇಲೆ ಕಣ್ಣು ಮೇಲೆ ಹೋಯಿತು. ನರ್ಸುಗಳು ಓಡಿಬಂದರು, ಮಂಚವನ್ನೇ ತಳ್ಳಿಕೊಂಡು ಹೋದರು. ಖಾಲಿ ಜಾಗದಲ್ಲಿ ನಾನು, ಕೈಯಲ್ಲಿ ಅವರ ಮಡಿಸಿದ ಲುಂಗಿ.

ಡಾಕ್ಟರು ಬಂದಾಗ ಅವರ ಕನ್ನಡಕ ಹಣೆಯ ಮೇಲಿತ್ತು.

"ಅಕ್ಕ, ಮೊನ್ನೆ ನಾನು ಚುಚ್ಚಿದ ಜಾಗ ಗಟ್ಟಿ ಉಂಟು. ಆದರೆ ಅದರ ಹಿಂದೆ, ಗೋಡೆಯೊಳಗೆ, ಇನ್ನೊಂದು ದೊಡ್ಡದುಂಟು. ಅದು ಮೇಲಿನಿಂದ ಕಾಣುವುದಿಲ್ಲ. ಈಗ ಹೊಟ್ಟೆ ತುಂಬ ರಕ್ತ, ಕ್ಯಾಮೆರಾಕ್ಕೆ ಬರೀ ಕೆಂಪು."

"ಮುಂದೆ?"

"ಎರಡು ದಾರಿ. ಒಂದು ದೊಡ್ಡ ಆಪರೇಶನ್. ಈ ಸ್ಥಿತಿಯಲ್ಲಿ ತಡೆದುಕೊಳ್ಳುವುದು ಕಷ್ಟ. ಇನ್ನೊಂದು, ನಮ್ಮಲ್ಲಿ ಹೊಸ ಕೊಳವೆ ಬಂದಿದೆ. ಅದರ ತುದಿಯಲ್ಲಿ ಸ್ಕ್ಯಾನಿಂಗ್ ಉಂಟು. ಬಸುರಿಯರಿಗೆ ಹೊಟ್ಟೆಯ ಮೇಲಿಟ್ಟು ನೋಡ್ತಾರಲ್ಲ, ಅದನ್ನೇ ಒಳಗಿನಿಂದ ಇಟ್ಟು ನೋಡುವುದು. ರಕ್ತ ತುಂಬಿದ್ದರೂ ಅದು ಗೋಡೆಯಾಚೆ ನೋಡ್ತದೆ. ನರ ಕಂಡ ಮೇಲೆ ಸೂಜಿ ನೇರ ಅದರೊಳಗೆ. ಮೊದಲು ಒಂದು ಸಣ್ಣ ತಂತಿಯ ಸುರುಳಿ, ಅದರ ಮೇಲೆ ಅಂಟು. ಸುರುಳಿ ಇಲ್ಲದಿದ್ದರೆ ಅಂಟು ರಕ್ತದ ಜೊತೆ ಶ್ವಾಸಕೋಶಕ್ಕೆ ಹರಿದು ಹೋಗುವ ಭಯ ಉಂಟು. ಸುರುಳಿ ಇದ್ದರೂ ಭಯ ಪೂರ್ತಿ ಹೋಗುವುದಿಲ್ಲ." ಕನ್ನಡಕವನ್ನು ಕಣ್ಣಿಗೆ ಇಳಿಸಿಕೊಂಡರು. "ಸುಳ್ಳು ಹೇಳುವುದಿಲ್ಲ. ನಾನು ಇದನ್ನು ಬೇರೆ ಕಡೆ ಹೋಗಿ ಕಲಿತು ಬಂದದ್ದು. ಇಲ್ಲಿ ಜಾಸ್ತಿ ಮಾಡಿಲ್ಲ."

ಅತ್ತೆ ಆಲೂರಿನಲ್ಲಿದ್ದರು. ಎಸ್ಟೇಟಿನಲ್ಲಿ ಆ ಹೊತ್ತಿಗೆ ಗುಡ್ಡ ಹತ್ತಿ ಫೋನ್ ಎತ್ತುವವರು ಯಾರೂ ಇರಲಿಲ್ಲ. ಇವರ ಬದುಕಿನ ಬಗ್ಗೆ ನಾನೊಬ್ಬಳೇ ನಿಂತು ಒಂದು ಮಾತು ಹೇಳಬೇಕಾಗಿ ಬಂದದ್ದು ಅದೇ ಮೊದಲು.

"ಆ ಮಿಷನ್ನಲ್ಲಿ ಕಾಣ್ತದಾ ಸಾರ್, ಒಳಗಿರೋದು?"

"ಕಾಣ್ತದೆ."

"ಹಾಗಾದ್ರೆ ಮಾಡಿ. ಕಾಣ್ದೆ ಮಾಡೋದಕ್ಕಿಂತ ಕಂಡು ಮಾಡೋದು ಮೇಲು."

ಬಾಗಿಲ ಹೊರಗೆ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ. ದೇವರ ಹೆಸರು ಹೇಳಲು ನೋಡಿದೆ, ಬಾಯಿಗೆ ಬರಲಿಲ್ಲ. ಅಂಗನವಾಡಿ ಮಕ್ಕಳಿಗೆ ಹೇಳಿಕೊಡುವ ಆನೆಯ ಹಾಡೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಅದನ್ನೇ ಹೇಳಿಕೊಂಡೆ. ಎದುರಿಗೆ ಕೂತ ಯಾರದೋ ತಾಯಿ ನನ್ನನ್ನು ವಿಚಿತ್ರವಾಗಿ ನೋಡಿದರು.

ಬಾಗಿಲು ತೆರೆದಾಗ ಡಾಕ್ಟರು ಕೈಬೀಸಿ ಕರೆದರು. ಒಳಗೆ ಇವರು ಮಗ್ಗುಲಾಗಿ ಮಲಗಿದ್ದರು, ಉಸಿರಾಡುತ್ತಿದ್ದರು. ನಾನು ಮೊದಲು ನೋಡಿದ್ದು ಎದೆ ಏಳುತ್ತಾ ಇಳಿಯುತ್ತಾ ಅಂತ. ಡಾಕ್ಟರು ಟಿವಿಯಂಥದ್ದರಲ್ಲಿ ಎರಡು ಚಿತ್ರ ತೋರಿಸಿದರು. ಮೊದಲನೆಯದರಲ್ಲಿ ಬೂದುಬಣ್ಣದ ನಡುವೆ ಕೆಂಪು ನೀಲಿ ಬಣ್ಣಗಳು ಸುಳಿಸುತ್ತಿ ಹರಿಯುತ್ತಿದ್ದವು, ಮಳೆಗಾಲದ ಹೇಮಾವತಿಯಲ್ಲಿ ಮಡು ತಿರುಗುವಂತೆ. ಎರಡನೆಯದರಲ್ಲಿ ಅದೇ ಜಾಗ. ಬಣ್ಣವಿಲ್ಲ. ಹರಿವಿಲ್ಲ.

"ನೋಡಿ, ಆರಿಹೋಯ್ತು" ಎಂದರು. ನಾನು ಕೈಮುಗಿಯುವ ಮೊದಲೇ ಅವರು ನನ್ನ ಎದುರು ಕುರ್ಚಿಗೆ ಕುಸಿದು, "ಒಂದು ಚಾ ತರ್ಲಿಕ್ಕೆ ಹೇಳಿ ಮಾರಾಯ್ರೆ" ಎಂದು ಯಾರಿಗೋ ಹೇಳಿದರು.

ನಾವು ಎಸ್ಟೇಟಿಗೆ ಮರಳಿದಾಗ ಕೊಯ್ಲು ಮುಗಿಯುತ್ತಾ ಬಂದಿತ್ತು. ಡಾಕ್ಟರ ಕಟ್ಟಪ್ಪಣೆ: ಭಾರ ಎತ್ತಬಾರದು, ಗುಡ್ಡ ಹತ್ತಬಾರದು, ಮೈಕೈ ನೋವಿನ ಮಾತ್ರೆ ಮುಟ್ಟಲೇಬಾರದು, ಸ್ವಲ್ಪ ಸ್ವಲ್ಪವೇ ಆಗಾಗ ತಿನ್ನಬೇಕು. ಎಸ್ಟೇಟಿನ ಸಾಹುಕಾರ್ರು ಮನೆಗೇ ಬಂದು, "ಮಳೆ ಹಿಡಿಯೋಗಂಟ ತೋಟದ ಕಡೆ ತಲೆ ಹಾಕ್ಬೇಡ ಲೋಕಣ್ಣ, ನಾನ್ ನೋಡ್ಕಂತೀನಿ" ಎಂದು ಹೇಳಿಹೋದರು.

ಹೀಗೆ ನನ್ನ ಗಂಡ ಮನೆಗೆ ಬಂದರು. ಮದುವೆಯಾದಾಗ ಬಂದದ್ದಲ್ಲ. ಆಗಲೇ ಬಂದದ್ದು.

ಮೊದಮೊದಲು ಸುಖವೇನೂ ಇರಲಿಲ್ಲ. ಕೆಲಸವಿಲ್ಲದ ಗಂಡಸು ಮನೆಯಲ್ಲಿದ್ದರೆ ಹೇಗಿರುತ್ತದೆ ಎಂದು ಇದ್ದವರಿಗೇ ಗೊತ್ತು. ಸಾರಿಗೆ ಉಪ್ಪು ಜಾಸ್ತಿ, ಕಿಟಕಿ ಯಾಕೆ ತೆಗೆದೆ, ಆ ಕೋಳಿ ಯಾಕೆ ಕೂಗುತ್ತೆ. ಒಂದು ದಿನ ನಾನು ಅಂಗನವಾಡಿಯಿಂದ ಬಂದರೆ ಮನೆ ಖಾಲಿ. ಸ್ಟೋರಿಗೆ ಓಡಿದರೆ, ಇವರು ಮೂಟೆಗಳ ನಡುವೆ ನಿಂತು ಯಾರನ್ನೋ ಬೈಯುತ್ತಿದ್ದರು. ನಾನು ಎಲ್ಲರೆದುರಿಗೆ ಅವರ ಕೈ ಹಿಡಿದು ಮನೆಗೆ ಎಳೆದುಕೊಂಡು ಬಂದೆ. ಲೈನಿನವರೆಲ್ಲ ನಗುತ್ತಿದ್ದರು. ಮನೆಗೆ ಬಂದ ಮೇಲೆ ನಾನು ಕೂಗಾಡಿದೆ. ಆ ಹತ್ತು ವರ್ಷದಲ್ಲಿ ಒಂದು ದಿನವೂ ಎತ್ತದ ಧ್ವನಿ.

"ನಿಮ್ ಹೊಟ್ಟೆ ಒಳಗೆ ಆಡ್ತಿದ್ದ ನದೀನ ಕಣ್ಣಾರೆ ಕಂಡವಳು ನಾನು. ನೀವು ಕಂಡಿಲ್ಲ. ಅದಕ್ಕೆ ಹಿಂಗಾಡ್ತೀರ."

ಅವರು ಬೆಪ್ಪಾಗಿ ನೋಡಿದರು. ಆಮೇಲೆ ಮೆತ್ತಗೆ, "ಹೆಂಗಿತ್ತೇ ಅದು? ಹೇಳು" ಎಂದರು.

ನಾನು ಹೇಳಿದೆ. ಆವತ್ತಿನಿಂದ ನಾವು ಮಾತಾಡಲು ಶುರುಮಾಡಿದೆವು.

ನಾನು ಬೆಳಿಗ್ಗೆ ಎದ್ದ ಕೂಡಲೇ ಕೇಳುತ್ತಿದ್ದ ಮೊದಲ ಪ್ರಶ್ನೆ, "ಕಪ್ಪಗಿತ್ತಾ?" ಎಂದು. ಅವರು ಹಿತ್ತಲ ಕಡೆಯಿಂದ ಚೊಂಬು ಹಿಡಿದು ಬರುತ್ತಾ "ಇಲ್ಲ ಮಾರಾಯ್ತಿ, ಚಿನ್ನದಂಗೈತೆ" ಎನ್ನುತ್ತಿದ್ದರು. ಗಂಡಹೆಂಡಿರ ನಡುವೆ ಇಂಥ ಮಾತೂ ಒಲವಿನ ಮಾತಾಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಅವರು ತರಕಾರಿ ಹೆಚ್ಚಲು ಕಲಿತರು. ಬೀನ್ಸನ್ನು ಒಂದೇ ಅಳತೆಗೆ, ಹಾಜರಿಗೆ ನಿಲ್ಲಿಸಿದ ಆಳುಗಳ ಹಾಗೆ ಸಾಲಾಗಿ ಜೋಡಿಸುತ್ತಿದ್ದರು. ನಾನು ಒಲೆಯ ಮುಂದೆ, ಅವರು ಹೊಸಿಲ ಮೇಲೆ. ಚಿಕ್ಕಂದಿನಲ್ಲಿ ಅಪ್ಪನ ಜೊತೆ ದನ ಹೊಡೆದುಕೊಂಡು ಪಾಳ್ಯದ ಸಂತೆಗೆ ನಡೆದದ್ದು, ಹತ್ತನೇ ಕ್ಲಾಸಿನಲ್ಲಿ ಗಣಿತದಲ್ಲಿ ಫೇಲಾಗಿ ಮನೆಗೆ ಹೋಗದೆ ಕೆರೆ ಏರಿಯ ಮೇಲೆ ಕೂತದ್ದು, ನನ್ನನ್ನು ನೋಡಲು ಬಂದ ದಿನ ನಾನು ಕೊಟ್ಟ ಕಾಫಿಗೆ ಸಕ್ಕರೆಯೇ ಇರಲಿಲ್ಲ, ಆದರೂ ಕುಡಿದು ಚೆನ್ನಾಗಿದೆ ಎಂದದ್ದು, ಎಲ್ಲವನ್ನೂ ಅಲ್ಲಿ ಕೂತೇ ಹೇಳಿದರು. "ಹೇಳ್ಬಾರ್ದಿತ್ತಾ?" ಎಂದರೆ, "ಹೇಳಿದ್ರೆ ನೀನು ಒಳಗ್ ಹೋಗ್ಬುಡ್ತಿದ್ದೆ. ಇನ್ನೊಂದ್ ಗಳಿಗೆ ನಿಂತ್ಕಂಡಿರ್ಲಿ ಅಂತ ಸುಮ್ನಾದೆ" ಎಂದರು.

ಮಾರ್ಚಿನಲ್ಲಿ ಹೂಮಳೆ ಬಂತು. ಮಧ್ಯಾಹ್ನ ಗುಡುಗಿ, ಒಂದು ಗಂಟೆ ಸುರಿದು, ಬಿಟ್ಟಿತು. ಕಾಫಿಗಿಡ ಆ ನೀರು ಕುಡಿದು, ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಇಡೀ ತೋಟ ಬೆಳ್ಳಗೆ ಬಿರಿಯಿತು. ನನಗೆ ಅಂಗನವಾಡಿ ರಜೆಯಿತ್ತು. ಮನೆಯ ಹಿಂದಿನ ಸಮತಟ್ಟಿನಲ್ಲೇ ಇಬ್ಬರೂ ನಿಧಾನಕ್ಕೆ ನಡೆದುಕೊಂಡು ಹೋದೆವು. ಜೇನಿನ ಗುಂಯ್ ಎನ್ನುವ ಸದ್ದು ಎಷ್ಟಿತ್ತೆಂದರೆ ಗಿಡಗಳೇ ಮಾತಾಡುತ್ತಿವೆ ಅನ್ನಿಸುತ್ತಿತ್ತು. ಅವರು ಒಂದು ರೆಂಬೆ ಎಳೆದು ಹಿಡಿದು ಬಹಳ ಹೊತ್ತು ನಿಂತರು.

"ಏನ್ರೀ, ಎಷ್ಟು ಮೂಟೆ ಆಗ್ಬೋದು ಅಂತ ನೋಡ್ತಿದೀರಾ?"

"ಇಲ್ಲ ಕಣೇ." ಹೂವಿನೊಳಗೆ ಮುಖ ಇಟ್ಟರು. "ಎಷ್ಟೋ ವರ್ಷದಿಂದ ಕಾಪಿ ತೋಟ್ದಲ್ಲಿದೀನಿ. ಇಷ್ಟ್ ವಾಸ್ನೆ ಐತೆ ಅಂತ ಗೊತ್ತೇ ಇರ್ಲಿಲ್ಲ ನೋಡು."

ಅವರ ಮೂಗಿನ ಮೇಲೆ ಹಳದಿ ಪುಡಿ ಅಂಟಿತ್ತು. ನಾನು ಸೆರಗಿನಿಂದ ಒರೆಸಿದೆ. ಅಷ್ಟೇ. ಆಮೇಲೆ ಮನೆಗೆ ಬಂದು ಗಂಜಿ ಕುಡಿದೆವು.

ಬೇಸಿಗೆ ರಜೆಗೆ ಚೈತ್ರ ಬಂದಳು. ಅಪ್ಪ ಹಗಲೆಲ್ಲ ಮನೆಯಲ್ಲಿರುವುದು ಅವಳಿಗೆ ವಿಚಿತ್ರ. "ಅಪ್ಪ, ನೀನು ಸಂಜೆಗಂಟ ಇಲ್ಲೇ ಇರ್ತೀಯಾ?" ಎಂದು ದಿನಾ ಕೇಳುತ್ತಿದ್ದಳು. ಅವಳಿಗೆ ಗಾಳಿಪಟ ಕಟ್ಟಿಕೊಟ್ಟರು. ನನ್ನ ಅಂಗನವಾಡಿಗೆ ಬಂದು, ಲೈನಿನ ಮಕ್ಕಳ ಮುಂದೆ ನಾಯಿಯ ಹಾಗೆ, ಬೆಕ್ಕಿನ ಹಾಗೆ, ಕೆಟ್ಟುನಿಂತ ಶಿವಣ್ಣನ ಜೀಪಿನ ಹಾಗೆ ಸದ್ದು ಮಾಡಿ ನಗಿಸಿದರು. ಇವರಿಗೆ ಇದೆಲ್ಲ ಬರುತ್ತದೆ ಎಂದು ನನಗೂ ಅವತ್ತೇ ತಿಳಿದದ್ದು.

ಮೇ ತಿಂಗಳಲ್ಲಿ ಮಂಗಳೂರಿಗೆ ತೋರಿಸಲು ಹೋಗಬೇಕಿತ್ತು. ಮಗಳನ್ನು ಆಲೂರಿನಲ್ಲಿ ಬಿಟ್ಟೆವು. ಇವರು ಬಸ್ಸು ಬೇಡವೆಂದರು. ಘಾಟಿಯ ರೈಲು ಎಷ್ಟೋ ವರ್ಷ ನಿಂತುಹೋಗಿ ಮತ್ತೆ ಶುರುವಾಗಿತ್ತು. "ಹಗಲು ರೈಲಲ್ಲಿ ಹೋಗಾನ. ದೋಣಿಗಲ್ ಮೇಲೆ ನಿಂತು ಹಳಿ ನೋಡಿದ್ದೇ ಆಯ್ತು, ಹತ್ತಿ ನೋಡ್ಲಿಲ್ಲ" ಎಂದರು. ಸಕಲೇಶಪುರದಲ್ಲಿ ಹತ್ತಿದೆವು. ಡಬ್ಬಿಯಲ್ಲಿ ಕಡುಬು, ಕಾಯಿಚಟ್ನಿ. ದೋಣಿಗಲ್ ದಾಟಿದ ಮೇಲೆ ಕಾಡು ಕಿಟಕಿಗೇ ಬಂತು. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಎಷ್ಟೋ ಆಳದಲ್ಲಿ ಹೊಳೆ.

ಮೊದಲ ಸುರಂಗದಲ್ಲಿ ಕತ್ತಲಾದಾಗ ಹುಡುಗರೆಲ್ಲ ಕೇಕೆ ಹಾಕಿದರು. ಆ ಕತ್ತಲಲ್ಲಿ ಅವರು ನನ್ನ ಕೈ ಹಿಡಿದುಕೊಂಡರು. ಬೆಳಕು ಬಂದಾಗ ಬಿಟ್ಟರು. ಏನೂ ಆಗದವರ ಹಾಗೆ ಕಿಟಕಿಯಾಚೆ ನೋಡುತ್ತಿದ್ದರು. ಮುಂದಿನ ಸುರಂಗದಲ್ಲಿ ಮತ್ತೆ ಹಿಡಿದರು. ಬೆಳಕಿಗೆ ಬಿಟ್ಟರು. ಘಾಟಿ ಇಳಿಯುವವರೆಗೂ ಹೀಗೇ. ಎದುರು ಕೂತಿದ್ದ ಅಜ್ಜಿಗೆ ಗೊತ್ತಾಗಿರಬೇಕು, ನಗುತ್ತಾ ಎಲೆಯಡಿಕೆ ಮುಂದೆ ಚಾಚಿದರು. ಸುಬ್ರಹ್ಮಣ್ಯದ ಸ್ಟೇಷನ್ನು ಬಂದು ಬಯಲು ಶುರುವಾದಾಗ ನನಗೆ ಬೇಜಾರಾಯಿತು. ಸುರಂಗ ಸಾಕಾಗಲಿಲ್ಲ.

ಡಾಕ್ಟರು ಮತ್ತೆ ಅದೇ ಕೊಳವೆ ಬಿಟ್ಟು ನೋಡಿದರು. "ಗಟ್ಟಿಯಾಗಿ ಕೂತುಂಟು. ಒಂದು ತೊಟ್ಟು ಹರಿವಿಲ್ಲ. ವರ್ಷಕ್ಕೊಮ್ಮೆ ಬಂದು ತೋರಿಸಿ. ಕೆಲಸಕ್ಕೆ ಹೋಗಬಹುದು, ಮೂಟೆ ಮಾತ್ರ ಹೊರಬೇಡಿ" ಎಂದರು. ನಾನು ಅವರ ಕಾಲಿಗೆ ಬೀಳಲು ಹೋದೆ, ಅವರು ಗಾಬರಿಯಿಂದ ಹಿಂದೆ ಸರಿದರು. ಅಷ್ಟು ಸಂತೋಷದ ನಡುವೆ 'ಕೆಲಸಕ್ಕೆ ಹೋಗಬಹುದು' ಎಂಬ ಮಾತು ಒಂದು ಸಣ್ಣ ಮುಳ್ಳಿನ ಹಾಗೆ ಎಲ್ಲೋ ಚುಚ್ಚಿತು. ಯಾರಿಗೂ ಹೇಳುವ ಹಾಗಿರಲಿಲ್ಲ.

ಆ ನರ ಮತ್ತೆಂದೂ ಒಡೆಯಲಿಲ್ಲ. ಅವರು ಮತ್ತೆ ಎಷ್ಟೋ ಕೊಯ್ಲು ಮಾಡಿಸಿದರು. ಪ್ರತಿ ಬೆಳಿಗ್ಗೆ ಹಾಜರಿಯಲ್ಲಿ ಮುನಿಯಮ್ಮನ ಹೆಸರು ಕೂಗಿದ ಮೇಲೆ "ಮಾತ್ರೆ ತಗಂಡ್ಯಾ?" ಎಂದು ಕೇಳುವುದನ್ನು ಬಿಡಲಿಲ್ಲ. ಮಗಳ 'ನರ್ಸಿಂಗ್ ಓದ್ತೀನಿ' ಎಂಬ ಮಾತಿಗೆ ಮೊದಲು ಹೂಂಗುಟ್ಟಿದವರು ಅವರೇ. ಒಂದು ಮಾಗಿಯಲ್ಲಿ, ಸ್ಟೋರಿನ ಬಾಗಿಲಲ್ಲಿ ನಿಂತಿದ್ದಾಗಲೇ ಎದೆನೋವು ಬಂದು ಹೋದರು. ಈ ಸಲ ಮಂಗಳೂರಿಗೆ ಒಯ್ಯುವಷ್ಟು ಹೊತ್ತು ಅವರು ನನಗೆ ಕೊಡಲಿಲ್ಲ. ನಾನು ಬೆಳಗೋಡಿಗೆ ವರ್ಗ ಮಾಡಿಸಿಕೊಂಡು ಬಂದೆ.

ಅವರಿಲ್ಲ ಎಂದು ನೆನೆದಾಗ ನನ್ನ ಮನಸ್ಸು ಬೇಡುವುದು ಆ ಎಲ್ಲ ವರ್ಷಗಳನ್ನಲ್ಲ. ಆ ಕೆಲವು ತಿಂಗಳನ್ನು. ಅದರಲ್ಲೂ ಅವರು ಮತ್ತೆ ಕೆಲಸಕ್ಕೆ ಹೋದ ದಿನವನ್ನು.

ಜೂನ್ ಮೊದಲ ವಾರ. ಮುಂಗಾರು ಹಿಡಿದಿತ್ತು. ಬೆಳಿಗ್ಗೆಯೇ ಎದ್ದು ಗಮ್‌ಬೂಟು ಹಾಕಿ, ಕಂಬಳಿಕೊಪ್ಪೆ ಹೊದ್ದು, ಹಳೆಯ ಲೋಕಣ್ಣ ಹೊರಟು ನಿಂತರು. "ಬರ್ತೀನಿ ಕಣೇ" ಎಂದರು. ನಾನು ಹೂಂ ಎಂದೆ. ಅವರು ತಿರುವಿನಲ್ಲಿ ಮರೆಯಾದ ಮೇಲೆ ಒಳಗೆ ಬಂದು ಒಲೆಯ ಮುಂದೆ ಕೂತು ಅತ್ತುಬಿಟ್ಟೆ. ಗಂಡ ಉಳಿಯಲಿ ಎಂದು ಆಸ್ಪತ್ರೆಯ ಬಾಗಿಲು ಕಾದವಳು, ಅವನು ಗಟ್ಟಿಯಾಗಿ ಎದ್ದು ಕೆಲಸಕ್ಕೆ ಹೋದ ದಿನ ಅಳುವುದೇ? ನನಗೇ ನಾಚಿಕೆಯಾಯಿತು. ಆದರೂ ನಿಲ್ಲಲಿಲ್ಲ.

ಮುಖ ತೊಳೆದು ಅಂಗನವಾಡಿಗೆ ಹೊರಡುವ ಹೊತ್ತಿಗೆ ಹೊರಗೆ ಬೂಟಿನ ಸದ್ದು. ನೋಡಿದರೆ ಅವರೇ. ಕೊಪ್ಪೆಯಿಂದ ನೀರು ತೊಟ್ಟಿಕ್ಕುತ್ತಿದೆ, ಬಾಗಿಲ ಹೊರಗೇ ನಿಂತಿದ್ದಾರೆ. ಹತ್ತು ವರ್ಷದಲ್ಲಿ ಕೆಲಸದ ಹೊತ್ತಿನಲ್ಲಿ ಮನೆಯ ಕಡೆ ತಿರುಗಿ ನೋಡದ ಮನುಷ್ಯ.

"ಏನಾಯ್ತ್ರೀ? ಹೊಟ್ಟೆನಾ?"

"ಇಲ್ಲ."

"ಮತ್ತೆ? ಏನ್ ಮರ್ತೋದ್ರಿ?"

"ಏನೂ ಮರ್ತಿಲ್ಲ ಕಣೇ" ಎಂದು ಅವರು ಒದ್ದೆ ಕಣ್ಣುರೆಪ್ಪೆಯನ್ನು ಕೈಯಿಂದ ಒರೆಸಿಕೊಂಡರು. "ಸುಮ್ನೆ ಬಂದೆ."